ಕಬ್ಬಿನ ತುಂಡು ನೆಟ್ಟಂತೆ ಹವಳ ನೆಟ್ಟರೆ ದಿಬ್ಬ ಉಳಿಯುತ್ತದೆಯೇ?

ಪ್ರಶ್ನೆ: ನಾನು ಮಂಡ್ಯದ ಹತ್ತಿರದ ಹಳ್ಳಿಯೊಂದರ ಕಬ್ಬು ಬೆಳೆಗಾರ. ಪಿಯುಸಿ ಓದುತ್ತಿರುವ ಮಗಳು ಮೊಬೈಲಿನಲ್ಲಿ ಒಂದು ವಿಡಿಯೊ ತೋರಿಸಿದಳು. ಸಮುದ್ರದ ತಳದಲ್ಲಿ ಮುಳುಗಿದವರು ಹವಳವನ್ನು ತುಂಡು ಮಾಡಿ ಕಬ್ಬಿಣದ ಚೌಕಟ್ಟಿಗೆ ಕಟ್ಟುತ್ತಿದ್ದರು. ನಾವು ಬಿತ್ತನೆ ಕಬ್ಬು ನೆಡುವಂತೆಯೇ ಕಂಡಿತು. ಹೀಗೆ ನೆಟ್ಟರೆ ಹವಳದ ದಿಬ್ಬಗಳು ಉಳಿಯುತ್ತವೆಯೇ? ವಿಜ್ಞಾನಿಗಳು ಬೇರೆ ಏನು ಮಾಡುತ್ತಿದ್ದಾರೆ? ಗದ್ದೆಗೆ ಹಾಕುವ ಗೊಬ್ಬರವೂ ಹವಳ ಸಾಯಲು ಕಾರಣವೆಂದು ಮಗಳು ವಾದಿಸುತ್ತಾಳೆ. ನಿಜವೇ? ಅವಳಿಗೆ ಇದನ್ನೇ ಓದುವ ಆಸೆಯಿದೆ, ಎಲ್ಲಿ ಓದಬಹುದು?

ಉತ್ತರ: ನೆಡಬಹುದು, ನೆಟ್ಟದ್ದು ಬೆಳೆಯುತ್ತದೆ ಕೂಡ. ಆದರೆ ನೆಡುವುದೊಂದರಿಂದಲೇ ದಿಬ್ಬಗಳು ಉಳಿಯುವುದಿಲ್ಲ. ಮೈಸೂರಿನಲ್ಲಿ ಕುಳಿತು ಕಡಲಿನ ಪ್ರಶ್ನೆಗಳಿಗೆ ಉತ್ತರ ಬರೆಯುವ ನನಗೆ ಈ ಮಾತನ್ನು ಬಿಡಿಸಿ ಹೇಳುವುದು ಸಾಮಾನ್ಯವಾಗಿ ಕಷ್ಟ. ನಿಮ್ಮ ವಿಷಯದಲ್ಲಿ ಹಾಗಿಲ್ಲ. ನೀವು ಮಾಡಿದ ಹೋಲಿಕೆ ನೀವು ಅಂದುಕೊಂಡದ್ದಕ್ಕಿಂತ ಹೆಚ್ಚು ಸರಿಯಾಗಿದೆ. ಹವಳ ನೆಡುವ ಕೆಲಸದ ಬಲವೂ ದೌರ್ಬಲ್ಯವೂ ಬಿತ್ತನೆ ಕಬ್ಬಿನ ಬಲವೂ ದೌರ್ಬಲ್ಯವೂ ಒಂದೇ.

ಅದಕ್ಕೆ ಮೊದಲು ಹವಳದ ಬಗ್ಗೆ ಒಂದಿಷ್ಟು. ಅದು ಗಿಡವಲ್ಲ, ಕಲ್ಲೂ ಅಲ್ಲ. ಜೆಲ್ಲಿ ಮೀನಿನ ಬಳಗಕ್ಕೆ ಸೇರಿದ ಪ್ರಾಣಿ. ಪಾಲಿಪ್ ಎಂಬ ಪುಟ್ಟ ಜೀವಿಗಳು ಸಾವಿರಗಟ್ಟಲೆ ಒಟ್ಟಾಗಿ ಕುಳಿತು, ಸಮುದ್ರದ ನೀರಿನಿಂದ ಸುಣ್ಣದ ಅಂಶವನ್ನು ತೆಗೆದು ತಮ್ಮ ಅಡಿಯಲ್ಲೇ ಅಸ್ಥಿಪಂಜರ ಕಟ್ಟಿಕೊಳ್ಳುತ್ತವೆ. ತಲೆಮಾರುಗಳ ಸುಣ್ಣ ಒಂದರ ಮೇಲೊಂದು ಕೂತು ದಿಬ್ಬವಾಗುತ್ತದೆ. ಈ ಪಾಲಿಪ್‌ಗಳ ಜೀವಕೋಶಗಳ ಒಳಗೇ ಬರಿಗಣ್ಣಿಗೆ ಕಾಣದ ಪಾಚಿ ವಾಸಿಸುತ್ತದೆ. ಅದು ಬಿಸಿಲಿನಲ್ಲಿ ಸಕ್ಕರೆ ತಯಾರಿಸಿ ಬಹುಪಾಲನ್ನು ಹವಳಕ್ಕೆ ಕೊಡುತ್ತದೆ. ಹವಳಕ್ಕೆ ಬೇಕಾದ ಶಕ್ತಿಯಲ್ಲಿ ಶೇ 90ರವರೆಗೂ ಬರುವುದು ಈ ದಾರಿಯಿಂದ. ಹವಳಕ್ಕೆ ಬಣ್ಣ ಬರುವುದೂ ಹೆಚ್ಚಾಗಿ ಈ ಪಾಚಿಯಿಂದಲೇ. ಕುಜನಿಗೆಂದು ಉಂಗುರದಲ್ಲಿ ಕೂರಿಸುವ ಕೆಂಪು ಹವಳ ಬೇರೆಯೇ ಜಾತಿ. ಅದು ಮುಖ್ಯವಾಗಿ ಮೆಡಿಟರೇನಿಯನ್ ಸಮುದ್ರದ ಮಬ್ಬುಗತ್ತಲಿನ ಬಂಡೆಗಳಲ್ಲಿ ನಿಧಾನವಾಗಿ ಬೆಳೆಯುತ್ತದೆ, ಅದರಲ್ಲಿ ಪಾಚಿಯಿಲ್ಲ, ಅದು ದಿಬ್ಬವನ್ನೂ ಕಟ್ಟುವುದಿಲ್ಲ. ಈ ಪ್ರಶ್ನೆಯನ್ನು ನೀವು ಕೇಳಲಿಲ್ಲ, ಆದರೆ ಹವಳದ ಬಗ್ಗೆ ಬರೆದಾಗಲೆಲ್ಲ ಯಾರಾದರೂ ಕೇಳಿಯೇ ಕೇಳುತ್ತಾರೆ.

ಜಗತ್ತಿನ ಸಮುದ್ರತಳದಲ್ಲಿ ಈ ದಿಬ್ಬಗಳು ಆವರಿಸಿರುವುದು ಶೇಕಡಾ ಒಂದಕ್ಕಿಂತ ಬಹಳ ಕಡಿಮೆ ಜಾಗ. ಆದರೂ ಕಡಲಿನ ಜೀವಿಗಳ ಪ್ರಭೇದಗಳಲ್ಲಿ ಸುಮಾರು ಕಾಲುಭಾಗ ಬದುಕಿನ ಒಂದಲ್ಲ ಒಂದು ಹಂತದಲ್ಲಿ ಅವುಗಳನ್ನು ನೆಚ್ಚಿಕೊಂಡಿವೆ. ಲಕ್ಷದ್ವೀಪದ ಜನ ನಿಂತಿರುವ ನೆಲವೇ ಹವಳದ ಪುಡಿ. ಸಮುದ್ರಮಟ್ಟದಿಂದ ಒಂದೆರಡು ಮೀಟರ್ ಎತ್ತರದ ಆ ದ್ವೀಪಗಳಿಗೆ ಅಲೆಗಳಿಂದ ರಕ್ಷಣೆ ಕೊಡುವುದು ಸುತ್ತಲಿನ ಜೀವಂತ ದಿಬ್ಬ. ಅಲ್ಲಿ ಹವಳ ಸತ್ತರೆ ಮೀನು ಕಡಿಮೆಯಾಗುವುದಷ್ಟೇ ಅಲ್ಲ, ಊರಿನ ಅಡಿಪಾಯ ಸವೆಯುತ್ತದೆ.

ಈಗ ಕೊಲೆಗಾರನ ವಿಷಯ. ಒಂದು ಜಾಗದ ಸಮುದ್ರ ಬೇಸಿಗೆಯಲ್ಲಿ ಸಾಮಾನ್ಯವಾಗಿ ಎಷ್ಟು ಬಿಸಿಯಾಗುತ್ತದೋ ಅದಕ್ಕಿಂತ ಒಂದೇ ಒಂದು ಡಿಗ್ರಿ ಸೆಲ್ಸಿಯಸ್ ಹೆಚ್ಚಾಗಿ, ಆ ಬಿಸಿ ಕೆಲವು ವಾರ ಇಳಿಯದೆ ನಿಂತರೆ ಪಾಚಿಯ ದ್ಯುತಿಸಂಶ್ಲೇಷಣೆ ಹದ ತಪ್ಪುತ್ತದೆ. ಸಕ್ಕರೆಯ ಬದಲು ವಿಷಕಾರಿ ಆಮ್ಲಜನಕದ ರೂಪಗಳು ಹುಟ್ಟುತ್ತವೆ. ಹವಳ ಪಾಚಿಯನ್ನು ಹೊರಹಾಕುತ್ತದೆ. ಆಗ ಪಾರದರ್ಶಕ ಚರ್ಮದಡಿಯ ಬಿಳಿ ಸುಣ್ಣ ಕಾಣುತ್ತದೆ. ಹವಳ ಬಿಳಿಚಿಕೊಂಡಿತು ಎನ್ನುವುದು ಇದಕ್ಕೇ. ಆ ಹೊತ್ತಿಗೆ ಅದಿನ್ನೂ ಸತ್ತಿರುವುದಿಲ್ಲ, ಉಪವಾಸ ಬಿದ್ದಿರುತ್ತದೆ. ನೀರು ಬೇಗ ತಣಿದರೆ ಪಾಚಿ ಮರಳಿ ಬರುತ್ತದೆ. ತಣಿಯದಿದ್ದರೆ ಹವಳ ಸಾಯುತ್ತದೆ, ಬರಿದಾದ ಸುಣ್ಣದ ಮೇಲೆ ಬೇರೆ ಜಾತಿಯ ಪಾಚಿ ಹಬ್ಬುತ್ತದೆ. ಜಗತ್ತಿನಾದ್ಯಂತ ಹೀಗೆ ಬಿಳಿಚಿದ್ದು 1998ರಲ್ಲಿ, 2010ರಲ್ಲಿ, 2014ರಿಂದ 2017ರವರೆಗೆ, ಆಮೇಲೆ 2023ರಿಂದ. ನಾಲ್ಕನೆಯದು ಎಲ್ಲಕ್ಕಿಂತ ದೊಡ್ಡದು. 2025ರ ಏಪ್ರಿಲ್ ಹೊತ್ತಿಗೆ ಜಗತ್ತಿನ ಹವಳದ ದಿಬ್ಬಗಳ ಶೇ 84ರಷ್ಟು ಪ್ರದೇಶಕ್ಕೆ ಬಿಳಿಚಿಸುವಷ್ಟು ಬಿಸಿ ತಾಕಿತ್ತು. ನಮ್ಮ ಲಕ್ಷದ್ವೀಪವೂ 2024ರಲ್ಲಿ ತೀವ್ರವಾಗಿ ಬಿಳಿಚಿತು.

ಇನ್ನು ನಿಮ್ಮ ಮಗಳ ವಿಡಿಯೊ. ಕಬ್ಬಿಣದ ಚೌಕಟ್ಟು ಎಂದಿದ್ದೀರಿ. ಷಟ್ಕೋನಾಕಾರದ ಚೌಕಟ್ಟಾಗಿದ್ದರೆ ಅದು ಇಂಡೊನೇಷ್ಯಾದ ಸುಲವೇಸಿಯದ್ದಿರಬೇಕು. ಅಲ್ಲಿ ಸಿಡಿಮದ್ದು ಸಿಡಿಸಿ ಮೀನು ಹಿಡಿಯುತ್ತಿದ್ದ ಕಾಲದಲ್ಲಿ ದಿಬ್ಬಗಳು ನುಚ್ಚುನೂರಾಗಿದ್ದವು. ಅಲೆ ಬಂದಾಗಲೆಲ್ಲ ಉರುಳಾಡುವ ಆ ಚೂರುಗಳ ಮೇಲೆ ಹೊಸ ಹವಳ ನೆಲೆಯೂರಲು ಸಾಧ್ಯವೇ ಇರಲಿಲ್ಲ. ಚೌಕಟ್ಟುಗಳು ಆ ತಳವನ್ನು ಹಿಡಿದು ನಿಲ್ಲಿಸಿದವು. ನಾಲ್ಕು ವರ್ಷಗಳಲ್ಲಿ ಆ ಜಾಗ ಸುಣ್ಣ ಕಟ್ಟುವ ವೇಗ ಪಕ್ಕದ ಆರೋಗ್ಯವಂತ ದಿಬ್ಬದ ವೇಗಕ್ಕೆ ಸರಿಸಮವಾಯಿತೆಂದು 2024ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಇದು ಸಣ್ಣ ಸಾಧನೆಯಲ್ಲ. ಆದರೆ ಗಮನಿಸಿ, ಅಲ್ಲಿ ದಿಬ್ಬವನ್ನು ಹಾಳುಮಾಡಿದ್ದು ಸಿಡಿಮದ್ದು, ಅದು ನಿಂತಿತ್ತು. ರೋಗದ ಮೂಲ ಹೋದ ಮೇಲೆ ನೆಟ್ಟದ್ದು ಹಿಡಿಯಿತು.

ನಮ್ಮಲ್ಲೂ ಇಂಥ ಕೆಲಸ ನಡೆದಿದೆ. ರಾಮೇಶ್ವರದಿಂದ ತೂತ್ತುಕುಡಿಯವರೆಗಿನ ಮನ್ನಾರ್ ಕೊಲ್ಲಿಯಲ್ಲಿ ದಶಕಗಳ ಕಾಲ ಹವಳವನ್ನು ಸುಣ್ಣಕ್ಕಾಗಿ, ಕಟ್ಟಡಕ್ಕಾಗಿ ಅಗೆದು ದೋಣಿ ತುಂಬಿ ತಂದರು. ದಿಬ್ಬ ಕಟ್ಟುವ ಹವಳಗಳನ್ನು 2001ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಗೆ, ಅಂದರೆ ಹುಲಿಗಿರುವ ರಕ್ಷಣೆಯ ಸಾಲಿಗೆ, ಸೇರಿಸಲಾಯಿತು. 2004ರ ಸುನಾಮಿಯ ನಂತರ ದಿಬ್ಬದ ಬೆಲೆ ಮೀನುಗಾರರಿಗೂ ಅರಿವಾಗಿ ಅಗೆತ ನಿಂತಿತು. ತೂತ್ತುಕುಡಿಯ ಸುಗಂತಿ ದೇವದಾಸನ್ ಕಡಲ ಸಂಶೋಧನಾ ಸಂಸ್ಥೆಯವರು ಅಲ್ಲಿ ಹವಳದ ತುಂಡುಗಳನ್ನು ಕಾಂಕ್ರೀಟಿನ ಆಸರೆಗಳಿಗೆ ಕಟ್ಟಿ ನೆಡುತ್ತಾ ಬಂದಿದ್ದಾರೆ. ಕಛ್ ಕೊಲ್ಲಿಯಲ್ಲಿ ಕವಲೊಡೆಯುವ ಅಕ್ರೊಪೊರಾ ಹವಳ ಅಳಿದುಹೋಗಿತ್ತು. ಮಿಠಾಪುರದ ಬಳಿಯ ಸಮುದ್ರದಲ್ಲಿ ಅದನ್ನು ಮರಳಿ ಬೆಳೆಸಲು ಲಕ್ಷದ್ವೀಪದಿಂದ ತುಂಡುಗಳನ್ನು ತಂದರು. 2020ರಲ್ಲಿ ಭಾರತೀಯ ಪ್ರಾಣಿ ಸರ್ವೇಕ್ಷಣಾಲಯ ಮತ್ತು ಗುಜರಾತಿನ ಅರಣ್ಯ ಇಲಾಖೆ ಸೇರಿ ಅಲ್ಲಿಯೇ ಇನ್ನೊಂದು ವಿಧಾನ ಪ್ರಯತ್ನಿಸಿದವು. ಉಕ್ಕಿನ ಚೌಕಟ್ಟಿಗೆ ಅತಿ ಕಡಿಮೆ ವೋಲ್ಟೇಜಿನ ವಿದ್ಯುತ್ ಹರಿಸಿದರೆ ನೀರಿನ ಖನಿಜಗಳು ಅದರ ಮೇಲೆ ಸುಣ್ಣದ ಪದರವಾಗಿ ಕೂರುತ್ತವೆ, ಹವಳಕ್ಕೆ ಹಿಡಿದುಕೊಳ್ಳಲು ನೆಲೆ ಸಿಗುತ್ತದೆ.

ಇಷ್ಟನ್ನು ಓದಿ ಉತ್ಸಾಹ ಬಂದಿದ್ದರೆ ಲೆಕ್ಕವನ್ನೂ ನೋಡಬೇಕು. ಜಗತ್ತಿನ ಹವಳ ಮರುನೆಡುವಿಕೆಯ ಯೋಜನೆಗಳನ್ನೆಲ್ಲ ಒಟ್ಟುಹಾಕಿ ಪರಿಶೀಲಿಸಿದ ವರದಿಯೊಂದು 2020ರಲ್ಲಿ ಬಂತು. ಯೋಜನೆಗಳ ಮಧ್ಯಮ ಗಾತ್ರ 100 ಚದರ ಮೀಟರ್. ನಿಮ್ಮ ಅಳತೆಯಲ್ಲಿ ಸುಮಾರು ಒಂದು ಗುಂಟೆ. ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್ ಒಂದೇ 2,300 ಕಿಲೋಮೀಟರ್ ಉದ್ದ ಹಬ್ಬಿದೆ. ಅದೇ ವರದಿಯ ಪ್ರಕಾರ ಶೇ 60ರಷ್ಟು ಯೋಜನೆಗಳಲ್ಲಿ ನೆಟ್ಟದ್ದನ್ನು ಒಂದೂವರೆ ವರ್ಷವೂ ಗಮನಿಸಿಲ್ಲ. ಇಷ್ಟು ಸಾವಿರ ಹವಳ ನೆಟ್ಟೆವು ಎಂಬ ಪ್ರಕಟಣೆಗಳನ್ನು ನಾನು ನೆಚ್ಚುವುದಿಲ್ಲ. ಐದು ವರ್ಷದ ನಂತರ ಎಷ್ಟಿವೆ ಎಂದು ಹೇಳಿದರೆ ಕುಳಿತು ಓದುತ್ತೇನೆ.

ಈಗ ನಿಮ್ಮ ಕಬ್ಬಿಗೆ ಬರೋಣ. ಒಂದು ಒಳ್ಳೆಯ ಕಬ್ಬಿನಿಂದ ಕಡಿದ ತುಂಡುಗಳೆಲ್ಲ ಆ ಕಬ್ಬಿನ ಪ್ರತಿರೂಪಗಳೇ. ಅದರಿಂದಲೇ ಬೆಳೆ ಒಂದೇ ಸಮನಾಗಿ ಬರುತ್ತದೆ. ಅದೇ ಕಾರಣಕ್ಕೆ ಕೆಂಪು ಕೊಳೆ ರೋಗ ಒಂದು ತಳಿಯನ್ನು ಹಿಡಿದರೆ ಸೀಮೆಯ ಗದ್ದೆಗಳೆಲ್ಲ ಒಟ್ಟಿಗೆ ಮಲಗುತ್ತವೆ. ಹವಳದ ತುಂಡೂ ಹಾಗೆಯೇ. ತಾಯಿ ಹವಳ ಯಾವ ಬಿಸಿಯನ್ನು ತಡೆಯಲಾರದೋ ಅದರ ನೂರು ತುಂಡುಗಳೂ ಆ ಬಿಸಿಯನ್ನು ತಡೆಯಲಾರವು. 2023ರ ಜುಲೈನಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ ಇದು ಕಣ್ಣಿಗೆ ಕಟ್ಟುವಂತೆ ನಡೆಯಿತು. ಹವಳ ನೆಡುವ ಕೆಲಸದಲ್ಲಿ ಅತ್ಯಂತ ಅನುಭವಿಗಳಿರುವ ಕಡಲದು. ಮ್ಯಾನಟಿ ಕೊಲ್ಲಿಯ ಅಳತೆ ಯಂತ್ರವೊಂದು ನೀರಿನ ಉಷ್ಣತೆಯನ್ನು 38.4 ಡಿಗ್ರಿ ಎಂದು ದಾಖಲಿಸಿತು. ಸಾಂಬ್ರೆರೊ ದಿಬ್ಬದ ಮರುನೆಟ್ಟ ಜಾಗದಲ್ಲಿ ಒಂದೇ ಒಂದು ಹವಳ ಉಳಿಯಲಿಲ್ಲ. ಸಿಬ್ಬಂದಿ ಕಡಲೊಳಗಿನ ಹವಳದ ನರ್ಸರಿಗಳಲ್ಲಿ ಇದ್ದದ್ದನ್ನು ಬಾಚಿಕೊಂಡು ದಡದ ತೊಟ್ಟಿಗಳಿಗೆ ಸಾಗಿಸಿದರು. ಫ್ಲಾರಿಡಾದ ದಿಬ್ಬಗಳನ್ನು ಸಾವಿರಾರು ವರ್ಷಗಳಿಂದ ಕಟ್ಟಿದ್ದ ಎರಡು ಜಾತಿಯ ಅಕ್ರೊಪೊರಾಗಳು ಈಗ ಅಲ್ಲಿ ದಿಬ್ಬ ಕಟ್ಟುವ ಪಾತ್ರವನ್ನು ಕಳೆದುಕೊಂಡಿವೆ ಎಂದು 2025ರಲ್ಲಿ ವಿಜ್ಞಾನಿಗಳು ತೀರ್ಮಾನಿಸಿದರು.

ಹಾಗಾದರೆ ಕಬ್ಬಿನವರು ಏನು ಮಾಡಿದರು? 1912ರಲ್ಲಿ ಕೊಯಮತ್ತೂರಿನಲ್ಲಿ ಕಬ್ಬು ತಳಿ ಅಭಿವೃದ್ಧಿ ಕೇಂದ್ರ ತೆರೆದು, ಕಬ್ಬು ಹೂ ಬಿಡುವ ಆ ಊರಿನಲ್ಲಿ ತಳಿಗಳನ್ನು ಅಡ್ಡ ಹಾಯಿಸಿ, ಬೀಜದಿಂದ ಸಸಿ ಎಬ್ಬಿಸಿ, ಸಾವಿರದಲ್ಲಿ ಒಂದನ್ನು ಆರಿಸಿದರು. ನೀವು ನೆಡುವ ಕೋ 62175 ಆಗಲಿ ಕೋ 86032 ಆಗಲಿ ಬಂದದ್ದು ಆ ದಾರಿಯಿಂದ. ಮಂಡ್ಯದ ವಿ.ಸಿ. ಫಾರ್ಮಿನವರದ್ದೂ ಅದೇ ಬಗೆಯ ದುಡಿಮೆ. ಹವಳದ ವಿಜ್ಞಾನಿಗಳಲ್ಲಿ ಹೆಚ್ಚು ದೂರ ಯೋಚಿಸುವವರು ಈಗ ಹಿಡಿದಿರುವುದೂ ಈ ದಾರಿಯನ್ನೇ. ನನ್ನ ದೃಷ್ಟಿಯಲ್ಲಿ ಈ ಕ್ಷೇತ್ರದ ನಿಜವಾದ ಸುದ್ದಿ ಇರುವುದು ನಿಮ್ಮ ಮಗಳು ನೋಡಿದ ಚೌಕಟ್ಟುಗಳಲ್ಲಿ ಅಲ್ಲ, ಇಲ್ಲಿ.

ಹವಳಕ್ಕೂ ಬೀಜದ ದಾರಿ ಇದೆ. ಗ್ರೇಟ್ ಬ್ಯಾರಿಯರ್ ರೀಫಿನಲ್ಲಿ ವಸಂತದ ಕೊನೆಯ ಹೊತ್ತಿಗೆ, ಅಲ್ಲಿಯ ಲೆಕ್ಕದಲ್ಲಿ ಅಕ್ಟೋಬರ್‌ನಿಂದ ಡಿಸೆಂಬರ್ ನಡುವೆ, ಹುಣ್ಣಿಮೆ ಕಳೆದ ಕೆಲವು ರಾತ್ರಿಗಳಲ್ಲಿ ಹತ್ತಾರು ಜಾತಿಯ ಹವಳಗಳು ಒಟ್ಟಿಗೆ ಮೊಟ್ಟೆ ಮತ್ತು ವೀರ್ಯದ ಗುಲಾಬಿ ಬಣ್ಣದ ಉಂಡೆಗಳನ್ನು ನೀರಿಗೆ ಬಿಡುತ್ತವೆ. 1980ರ ದಶಕದ ಆರಂಭದವರೆಗೆ ವಿಜ್ಞಾನಕ್ಕೆ ಇದು ಗೊತ್ತೇ ಇರಲಿಲ್ಲ. ಅದನ್ನು ಕಂಡುಹಿಡಿದ ತಂಡದಲ್ಲಿದ್ದ ಪೀಟರ್ ಹ್ಯಾರಿಸನ್ ಈಗ ಆ ಉಂಡೆಗಳನ್ನು ಕಡಲ ಮೇಲೆಯೇ ಸಂಗ್ರಹಿಸಿ, ತೇಲುವ ಕೊಳಗಳಲ್ಲಿ ಮರಿ ಮಾಡಿಸಿ, ಬರಿದಾದ ದಿಬ್ಬಗಳ ಮೇಲೆ ಬಿಡುತ್ತಾರೆ. ಬಹುತೇಕ ಮರಿಗಳು ಸಾಯುತ್ತವೆ. ಆದರೆ ಉಳಿದ ಒಂದೊಂದೂ ಬೇರೆ ಬೇರೆ ಗುಣದ್ದು, ತುಂಡಿನಿಂದ ಬಂದದ್ದಲ್ಲ. ಬದುಕಬಲ್ಲದ್ದನ್ನು ಬಿಸಿ ನೀರೇ ಆರಿಸಿಕೊಳ್ಳುತ್ತದೆ.

ಕೆಲವರು ಆರಿಸುವ ಕೆಲಸವನ್ನು ನೀರಿಗೆ ಬಿಡದೆ ತಾವೇ ಮಾಡುತ್ತಿದ್ದಾರೆ. ಹವಾಯಿಯ ರೂತ್ ಗೇಟ್ಸ್ ಮತ್ತು ಆಸ್ಟ್ರೇಲಿಯಾದ ಮ್ಯಾಡಲೀನ್ ವಾನ್ ಓಪನ್ ಇದನ್ನು ನೆರವಿನ ವಿಕಾಸ ಎಂಬ ಅರ್ಥದಲ್ಲಿ ಮುಂದಿಟ್ಟಾಗ ಹಲವರು ಹುಬ್ಬೇರಿಸಿದ್ದರು. ಗೇಟ್ಸ್ 2018ರಲ್ಲಿ ತೀರಿಕೊಂಡರು, ಕೆಲಸ ಮುಂದುವರಿದಿದೆ. ಗ್ರೇಟ್ ಬ್ಯಾರಿಯರ್ ರೀಫಿನ ಬೆಚ್ಚನೆಯ ಉತ್ತರದ ದಿಬ್ಬಗಳ ಹವಳವನ್ನು ತಂಪಿನ ದಕ್ಷಿಣದ ಹವಳದೊಂದಿಗೆ ಹಾಯಿಸಿದಾಗ ಹುಟ್ಟಿದ ಮರಿಗಳು ಬಿಸಿಯಲ್ಲಿ ಬದುಕುವ ಸಂಭವ ಹತ್ತು ಪಟ್ಟಿನವರೆಗೆ ಹೆಚ್ಚಿತೆಂದು 2015ರಲ್ಲಿ ತಿಳಿಯಿತು. ವಾನ್ ಓಪನ್ ಅವರ ತಂಡ ಹವಳವನ್ನು ಬಿಟ್ಟು ಪಾಚಿಯನ್ನೇ ಪ್ರಯೋಗಾಲಯದಲ್ಲಿ ನಾಲ್ಕು ವರ್ಷ ಬಿಸಿಗೆ ಒಗ್ಗಿಸಿ, ಅದನ್ನು ಹವಳದ ಮರಿಗಳಿಗೆ ಸೇರಿಸಿತು. ಅಂಥ ಕೆಲವು ಮರಿಗಳು ಬಿಸಿಯನ್ನು ಹೆಚ್ಚು ತಾಳಿದವು. ಟೌನ್ಸ್‌ವಿಲ್ ಪಟ್ಟಣದ ಬಳಿ ಆಸ್ಟ್ರೇಲಿಯಾದ ಕಡಲ ವಿಜ್ಞಾನ ಸಂಸ್ಥೆಗೆ ಇದಕ್ಕೆಂದೇ ಸಮುದ್ರವನ್ನು ಅನುಕರಿಸುವ ದೊಡ್ಡ ತೊಟ್ಟಿಗಳ ಕೇಂದ್ರವಿದೆ. ಮೇರಿ ಹೇಗಡಾರ್ನ್ ಎಂಬ ಇನ್ನೊಬ್ಬ ವಿಜ್ಞಾನಿ ಹವಳದ ವೀರ್ಯವನ್ನು ದ್ರವ ಸಾರಜನಕದಲ್ಲಿ ಹೆಪ್ಪುಗಟ್ಟಿಸಿ ಇಡುವ ವಿಧಾನ ರೂಪಿಸಿದ್ದಾರೆ. ಜಾತಿ ಅಳಿದರೂ ಅದರ ಬೀಜ ಉಳಿಯಲಿ ಎಂಬ ಲೆಕ್ಕಾಚಾರ.

ಮಿತಿಯೂ ಇಲ್ಲಿಯೇ ಇದೆ. ಪೆಸಿಫಿಕ್ ಸಾಗರದ ಪಲಾವು ದ್ವೀಪದಲ್ಲಿ ಬಿಸಿ ತಾಳುವ ತಾಯ್ತಂದೆ ಹವಳಗಳನ್ನು ಆರಿಸಿ ಸಂತಾನ ಬೆಳೆಸಿದ ಪ್ರಯೋಗದ ಫಲಿತಾಂಶ 2024ರಲ್ಲಿ ಬಂತು. ಒಂದು ತಲೆಮಾರಿನಲ್ಲೇ ತಾಳಿಕೆ ಹೆಚ್ಚಿದ್ದು ನಿಜ. ಆದರೆ ಗಳಿಸಿದ್ದು ಸಾಮಾನ್ಯಕ್ಕಿಂತ ಒಂದು ಡಿಗ್ರಿ ಹೆಚ್ಚಿನ ಬಿಸಿಯನ್ನು ಇನ್ನೊಂದು ವಾರ ಸಹಿಸುವಷ್ಟು ಶಕ್ತಿ. ಮುಂದೆ ಬರುವ ಬಿಸಿಯ ಅಲೆಗಳಿಗೆ ಇದು ಸಾಲುವುದಿಲ್ಲವೆಂದು ಸಂಶೋಧಕರೇ ಬರೆದಿದ್ದಾರೆ. ಕಬ್ಬಿನ ತಳಿ ತಯಾರಾಗಲು ಹತ್ತು ಹನ್ನೆರಡು ವರ್ಷ ಹಿಡಿದರೂ ಗದ್ದೆ ಅಲ್ಲಿಯೇ ಕಾದಿರುತ್ತದೆ. ಸಮುದ್ರ ಕಾಯುತ್ತಿಲ್ಲ. ಭೂಮಿಯ ಸರಾಸರಿ ಬಿಸಿ 1.5 ಡಿಗ್ರಿ ಏರಿದರೆ ದಿಬ್ಬ ಕಟ್ಟುವ ಹವಳಗಳು ಶೇ 70ರಿಂದ 90ರಷ್ಟು ಕ್ಷೀಣಿಸುತ್ತವೆ, 2 ಡಿಗ್ರಿಯಾದರೆ ಶೇ 99ಕ್ಕೂ ಹೆಚ್ಚು ಎಂದು ವಿಶ್ವಸಂಸ್ಥೆಯ ಹವಾಮಾನ ಸಮಿತಿ 2018ರಲ್ಲೇ ಹೇಳಿದೆ. ಕಲ್ಲಿದ್ದಲು, ಪೆಟ್ರೋಲ್ ಸುಡುವುದು ಇಳಿಯದೆ ಯಾವ ತಳಿಯೂ ಗೆಲ್ಲಲಾರದು. ತಳಿ ಬೆಳೆಸುವವರೂ ಇದನ್ನು ಬಾಯಿಬಿಟ್ಟು ಹೇಳುತ್ತಾರೆ. ಅವರು ಮಾಡುತ್ತಿರುವುದು ಆ ದಿನ ಬರುವವರೆಗೆ ಬೀಜವನ್ನು ಜೀವಂತ ಇಡುವ ಕೆಲಸ.

ಸುದ್ದಿಯಲ್ಲಿ ಹೆಚ್ಚು ಸದ್ದು ಮಾಡುವ ಬೇರೆ ಪ್ರಯೋಗಗಳೂ ಇವೆ. ಸಮುದ್ರದ ನೀರನ್ನು ಸೂಕ್ಷ್ಮ ಹನಿಗಳಾಗಿ ಗಾಳಿಗೆ ಸಿಂಪಡಿಸಿ ಮೋಡಗಳನ್ನು ಹೊಳಪಾಗಿಸಿ ಬಿಸಿಲು ತಗ್ಗಿಸುವುದನ್ನು 2020ರಲ್ಲಿ ಗ್ರೇಟ್ ಬ್ಯಾರಿಯರ್ ರೀಫಿನ ಮೇಲೆ ಮೊದಲು ಪರೀಕ್ಷಿಸಿದರು. ಇದರ ಮೇಲೆ ನನಗೆ ಹೆಚ್ಚು ಭರವಸೆಯಿಲ್ಲ. ಆರೋಗ್ಯವಂತ ದಿಬ್ಬದ ಸದ್ದನ್ನು ಧ್ವನಿವರ್ಧಕದಲ್ಲಿ ಕೇಳಿಸಿದರೆ ಸತ್ತ ದಿಬ್ಬಕ್ಕೆ ಬರುವ ಮೀನುಗಳ ಸಂಖ್ಯೆ ಇಮ್ಮಡಿಯಾಗುತ್ತದೆ ಎಂಬುದು 2019ರ ಪ್ರಯೋಗ. ಅದು ಮುದ್ದಾದ ಪ್ರಯೋಗ, ಗಟ್ಟಿಯೂ ಹೌದು. ಆದರೆ ಬಂದ ಮೀನಿಗೆ ಇರಲು ಹವಳ ಬೇಕಲ್ಲ?

ಇನ್ನು ಗೊಬ್ಬರ. ನಿಮ್ಮ ಮಗಳು ಹೇಳಿದ್ದು ಸರಿ, ಆದರೆ ಗದ್ದೆ ನಿಮ್ಮದಲ್ಲ. ಗ್ರೇಟ್ ಬ್ಯಾರಿಯರ್ ರೀಫಿಗೆ ಎದುರಾಗಿರುವ ಕ್ವೀನ್ಸ್‌ಲ್ಯಾಂಡ್ ಕರಾವಳಿ ಆಸ್ಟ್ರೇಲಿಯಾದ ಕಬ್ಬಿನ ಸೀಮೆ. ಬರ್ಡೆಕಿನ್, ಹರ್ಬರ್ಟ್, ಟಲಿ ನದಿಗಳ ಬಯಲುಗಳಿಂದ ಮಳೆಗಾಲದಲ್ಲಿ ಕೊಚ್ಚಿ ಹೋಗುವ ಸಾರಜನಕದಲ್ಲಿ ಮನುಷ್ಯರಿಂದ ಸೇರುವ ಪಾಲಿನ ಅತಿ ದೊಡ್ಡ ಮೂಲ ಕಬ್ಬಿನ ಗದ್ದೆಗಳೇ. ನೀರಿನಲ್ಲಿ ಪೋಷಕಾಂಶ ಹೆಚ್ಚಾದರೆ ತೇಲುವ ಸೂಕ್ಷ್ಮ ಪಾಚಿ ಹೆಚ್ಚುತ್ತದೆ. ಅದನ್ನು ತಿಂದು ಬೆಳೆಯುವ ಮರಿಗಳಲ್ಲಿ ಮುಳ್ಳಿನ ಕಿರೀಟವೆಂಬ ನಕ್ಷತ್ರಮೀನಿನ ಮರಿಗಳೂ ಇವೆ. ಈ ನಕ್ಷತ್ರಮೀನಿನ ಆಹಾರ ಹವಳ. 1985ರಿಂದ 2012ರ ನಡುವೆ ಗ್ರೇಟ್ ಬ್ಯಾರಿಯರ್ ರೀಫಿನ ಜೀವಂತ ಹವಳ ಸುಮಾರು ಅರ್ಧಕ್ಕೆ ಇಳಿದಾಗ, ನಷ್ಟದಲ್ಲಿ ಶೇ 42ರಷ್ಟು ಈ ಮುಳ್ಳಿನ ಪ್ರಾಣಿಯ ಲೆಕ್ಕಕ್ಕೆ ಬಂತು. ಉಳಿದದ್ದರಲ್ಲಿ ಹೆಚ್ಚಿನ ಪಾಲು ಚಂಡಮಾರುತಗಳದ್ದು. ಈಗ ಮುಳುಗುಗಾರರು ಒಂದೊಂದಕ್ಕೂ ದನದ ಪಿತ್ತದಿಂದ ತೆಗೆದ ಲವಣವನ್ನೋ ವಿನೆಗರನ್ನೋ ಚುಚ್ಚಿ ಕೊಲ್ಲುತ್ತಾರೆ. ಮತ್ತೊಂದು ಬದಿಯಲ್ಲಿ ಸರ್ಕಾರ ಮತ್ತು ಕಬ್ಬು ಬೆಳೆಗಾರರು ಕುಳಿತು ಮಣ್ಣು ಪರೀಕ್ಷೆ ಮಾಡಿಸಿ, ಬೆಳೆಗೆ ಬೇಕಾದಷ್ಟೇ ಸಾರಜನಕ ಹಾಕುವ ಕ್ರಮಕ್ಕೆ ಬರುತ್ತಿದ್ದಾರೆ. ಇದು ವಿಡಿಯೊದಲ್ಲಿ ಚೆನ್ನಾಗಿ ಕಾಣುವ ಕೆಲಸವಲ್ಲ. ಆದರೆ ಮುಳುಗುಗಾರರ ಕೆಲಸದಷ್ಟೇ ಇದೂ ಹವಳದ ಕೆಲಸ.

ನಿಮ್ಮ ನಾಲೆಯ ಬಯಲಿನ ನೀರು ಕಾವೇರಿಗೆ, ಕಾವೇರಿ ಬಂಗಾಳ ಕೊಲ್ಲಿಗೆ. ಲಕ್ಷದ್ವೀಪ ಇರುವುದು ಅರಬ್ಬಿ ಸಮುದ್ರದಲ್ಲಿ. ಹೂಳು ತರುವ ನದಿಯ ಬಾಯಿಯಲ್ಲಿ ಹವಳ ಸಾಮಾನ್ಯವಾಗಿ ನೆಲೆಯೂರುವುದೂ ಇಲ್ಲ, ಅದಕ್ಕೆ ತಿಳಿನೀರು ಬೇಕು. ಆದ್ದರಿಂದ ನೀವು ಹಾಕುವ ಯೂರಿಯಾ ಲಕ್ಷದ್ವೀಪದ ಹವಳವನ್ನು ಕೊಲ್ಲುವುದಿಲ್ಲ. ಅದು ಮೊದಲು ಕೆಡಿಸುವುದು ನಿಮ್ಮ ಊರಿನ ಕೆರೆಯನ್ನು, ಕೊಳವೆಬಾವಿಯ ನೀರನ್ನು.

ಲಕ್ಷದ್ವೀಪದ ಹವಳಕ್ಕೂ ನಮ್ಮ ಕಡೆಗೂ ಇರುವ ನಂಟು ಬೇರೆ ರೀತಿಯದು. ಆ ದಿಬ್ಬಗಳನ್ನು ದೀರ್ಘಕಾಲದಿಂದ ಅಳೆಯುತ್ತಿರುವ ನೇಚರ್ ಕನ್ಸರ್ವೇಶನ್ ಫೌಂಡೇಶನ್‌ನ ಕಚೇರಿ ಇರುವುದು ಸಮುದ್ರವಿಲ್ಲದ ಮೈಸೂರಿನಲ್ಲಿ. ಅದರ ವಿಜ್ಞಾನಿ ರೋಹನ್ ಆರ್ಥರ್ ಮತ್ತು ಜೊತೆಗಾರರು 1998ರ ಬಿಳಿಚುವಿಕೆಯ ಕಾಲದಿಂದ ಅದೇ ಜಾಗಗಳಿಗೆ ಮರಳಿ ಮರಳಿ ಮುಳುಗಿ ಲೆಕ್ಕ ಬರೆದಿದ್ದಾರೆ. ಅಗತ್ತಿ, ಕದ್ಮತ್, ಕವರತ್ತಿ ದ್ವೀಪಗಳ 24 ವರ್ಷಗಳ ಅವರ ಲೆಕ್ಕದಲ್ಲಿ ಜೀವಂತ ಹವಳದ ಹೊದಿಕೆ ಶೇ 37ರಿಂದ ಸುಮಾರು ಶೇ 19ಕ್ಕೆ ಇಳಿದಿದೆ. ಅದಕ್ಕಿಂತ ಬೆಲೆಬಾಳುವುದು ಇನ್ನೊಂದು ಸಂಗತಿ. ಬಿಸಿಯ ಹೊಡೆತವಿಲ್ಲದೆ ಸುಮಾರು ಆರು ವರ್ಷ ಕಳೆದ ಮೇಲೆ ಮಾತ್ರ ಚೇತರಿಕೆ ವೇಗ ಪಡೆಯುತ್ತದೆ. ಈಗ ಎರಡು ಹೊಡೆತಗಳ ನಡುವೆ ಅಷ್ಟು ಬಿಡುವು ಸಿಗುವುದೇ ಅಪರೂಪವಾಗುತ್ತಿದೆ. ಒಂದೇ ದ್ವೀಪದ ಎರಡು ಬದಿಗಳೂ ಒಂದೇ ರೀತಿ ಚೇತರಿಸಿಕೊಳ್ಳುವುದಿಲ್ಲ, ಆಳ ಮತ್ತು ಅಲೆಯ ಹೊಡೆತದ ಮೇಲೆ ಅದು ಅವಲಂಬಿಸುತ್ತದೆ.

ಇದರಿಂದ ಹೊರಡುವ ಕೆಲಸ ತುಂಬ ಸರಳ, ಮಾಡಿಸುವುದು ಮಾತ್ರ ಕಷ್ಟ. ತಾನಾಗಿ ಚೇತರಿಸಿಕೊಳ್ಳಬಲ್ಲ ಜಾಗಗಳನ್ನು ಗುರುತಿಸಿ ಅವುಗಳಿಗೆ ಬೇರೆ ಹೊರೆ ಬೀಳದಂತೆ ನೋಡಿಕೊಳ್ಳಬೇಕು. ಸತ್ತ ಹವಳದ ಮೇಲಿನ ಪಾಚಿಯನ್ನು ಕೆರೆದು ತಿನ್ನುವ ಗಿಳಿಮೀನುಗಳನ್ನು ಉಳಿಸಿಕೊಂಡರೆ ಹೊಸ ಮರಿಗಳು ಅಂಟಿಕೊಳ್ಳಲು ಬರಿ ಜಾಗ ಸಿಗುತ್ತದೆ. ಲಕ್ಷದ್ವೀಪದ ಮೀನುಗಾರರು ದಿಬ್ಬದಾಚೆಯ ಆಳದಲ್ಲಿ ಗಾಳದ ಕೋಲಿನಿಂದ ಟ್ಯೂನಾ ಹಿಡಿಯುವವರಾದ್ದರಿಂದ ದಿಬ್ಬದ ಮೀನುಗಳ ಮೇಲೆ ಬಹುಕಾಲ ಒತ್ತಡ ಕಡಿಮೆಯಿತ್ತು. ಈಚೆಗೆ ದಿಬ್ಬದ ಮೀನಿಗೂ ಮಾರುಕಟ್ಟೆ ಹುಟ್ಟಿದೆ. ಹೋಟೆಲಿನ ತಟ್ಟೆಗಾಗಿ ಗಿಳಿಮೀನು ಹಿಡಿಯಲು ಬಿಟ್ಟು, ಪಕ್ಕದಲ್ಲೇ ಹವಳ ನೆಡುವ ಕಾರ್ಯಕ್ರಮ ಉದ್ಘಾಟಿಸುವುದರಲ್ಲಿ ಅರ್ಥವಿಲ್ಲ. ನಮ್ಮದೇ ಆದ ನೇತ್ರಾಣಿ ದ್ವೀಪದ ಹವಳಗಳಿಗೂ ಈ ಮಾತು ಅನ್ವಯಿಸುತ್ತದೆ. ಮುರ್ಡೇಶ್ವರದಿಂದ ಅಲ್ಲಿಗೆ ಮುಳುಗಲು ಹೋಗುವವರು ಹವಳವನ್ನು ಮುಟ್ಟದೆ, ತುಳಿಯದೆ ಬಂದರೆ ಸಾಕು. ದಡದಲ್ಲಿ ಹವಳದ ತುಂಡನ್ನು ಯಾರಾದರೂ ಮಾರಲು ಬಂದರೆ ಕೊಳ್ಳಬೇಡಿ, ಮೇಲೆ ಹೇಳಿದ ಕಾಯ್ದೆಯ ಪ್ರಕಾರ ಅದು ಅಪರಾಧ.

ಕೊನೆಯದಾಗಿ ಮಗಳ ಓದು. ಪಿಯುಸಿಯಲ್ಲಿ ಜೀವಶಾಸ್ತ್ರ ಇದ್ದರೆ ಎರಡು ದಾರಿಗಳಿವೆ. ಮೈಸೂರಿನಲ್ಲೋ ಮಂಡ್ಯದಲ್ಲೋ ಪ್ರಾಣಿಶಾಸ್ತ್ರದೊಂದಿಗೆ ಬಿ.ಎಸ್ಸಿ. ಮುಗಿಸಿ, ಕಾರವಾರದಲ್ಲಿರುವ ಕರ್ನಾಟಕ ವಿಶ್ವವಿದ್ಯಾಲಯದ ಕಡಲ ಜೀವವಿಜ್ಞಾನ ವಿಭಾಗದಲ್ಲಿ ಎಂ.ಎಸ್ಸಿ. ಮಾಡಬಹುದು. ಅಂಕಿಅಂಶ ಶಾಸ್ತ್ರವನ್ನು ನಿರ್ಲಕ್ಷಿಸದಿರಲಿ, ಇಂದಿನ ಹವಳ ವಿಜ್ಞಾನದ ಅರ್ಧ ಕೆಲಸ ಕಂಪ್ಯೂಟರ್ ಮುಂದೆಯೇ ನಡೆಯುತ್ತದೆ. ಈಜು ಬರದಿದ್ದರೆ ಈಗಲೇ ಕಲಿಯಲಿ. ಇನ್ನೊಂದು ದಾರಿ ಮಂಗಳೂರಿನ ಮೀನುಗಾರಿಕಾ ಕಾಲೇಜು, ಪಿಯುಸಿ ಆದ ಕೂಡಲೇ ಸಿಇಟಿ ಮೂಲಕ ಸೇರಬಹುದು. ಅಲ್ಲಿ ಕೃಷಿಕರ ಮಕ್ಕಳಿಗೆ ಪ್ರತ್ಯೇಕ ಕೋಟಾ ಇದೆ, ಅದಕ್ಕೆ ಪ್ರಾಯೋಗಿಕ ಪರೀಕ್ಷೆಯೂ ಇರುತ್ತದೆ. ಅರ್ಜಿ ಹಾಕುವ ಹೊತ್ತಿಗೆ ಪಹಣಿ, ಕೃಷಿಕ ಪ್ರಮಾಣಪತ್ರ ಎಲ್ಲವನ್ನೂ ತಯಾರಿಟ್ಟುಕೊಳ್ಳಿ.